ಬಾಗಿಲ ಹತ್ತಿರದ ಕುರ್ಚಿ

ಮೊನ್ನೆ ಅಮೆರಿಕದ ನಮ್ಮೂರು ಪ್ಲೆಸೆಂಟನ್‌ನ ಸಿಟಿ ಕೌನ್ಸಿಲ್ ಮೀಟಿಂಗಿಗೆ ಹೋಗಿದ್ದೆ. ದೊಡ್ಡ ರಾಜಕೀಯವೇನಲ್ಲ, ನಮ್ಮ ಬೀದಿಗೊಂದು ರೋಡ್ ಹಂಪು ಹಾಕಿಸಿ ಅಂತ ಕೇಳುವುದಕ್ಕೆ. ಕೂತವಳು ಅಭ್ಯಾಸದಂತೆ ಕಾಲ ಮೇಲೆ ಕಾಲು ಹಾಕಿದೆ, ಮರುಗಳಿಗೆಯೇ ಇಳಿಸಿದೆ. ಯಾರೂ ಏನೂ ಅಂದಿರಲಿಲ್ಲ. ಅನ್ನುತ್ತಿದ್ದ ನಮ್ಮ ಮಾವನವರು ಈಗಿಲ್ಲ.

ಮಾವನವರು ಬೆಂಗಳೂರಿನಲ್ಲಿ ಶಾಸನಸಭೆಯ ಪ್ರೇಕ್ಷಕರ ಗ್ಯಾಲರಿಯ ಬಾಗಿಲು ಕಾಯುತ್ತಿದ್ದವರು. ಕೆಮ್ಮಿದವರನ್ನು ಕಣ್ಣಲ್ಲೇ ಸುಮ್ಮನಾಗಿಸುವ ವಿದ್ಯೆ ಅವರಿಗಿತ್ತು. ಇಲ್ಲಿಗೆ ಬಂದ ಮೇಲೆ ಅದನ್ನು ನನ್ನ ಮಿಕ್ಸಿಯ ಮೇಲೆ ಪ್ರಯೋಗಿಸಿ ಸೋತರು. ಮಗಳು ಅನಘಳ ಕಾಲೇಜಿನವರು ಬ್ರಸೆಲ್ಸಿಗೆ, ಸ್ಟ್ರಾಸ್‌ಬರ್ಗಿಗೆ ಹುಡುಗರನ್ನು ಕರೆದುಕೊಂಡು ಹೊರಟರು ನೋಡಿ, ಯುರೋಪಿನ ಅಷ್ಟೊಂದು ದೇಶದವರು ಒಂದೇ ಪಾರ್ಲಿಮೆಂಟಿನಲ್ಲಿ ಕೂತು ಹೇಗೆ ಕಾನೂನು ಮಾಡಿಕೊಳ್ಳುತ್ತಾರೆ ಅಂತ ಕಲಿಸುವುದಕ್ಕೆ. ನಾನು ಚಟ್ನಿಪುಡಿ ಕಟ್ಟುವ ಯೋಚನೆಯಲ್ಲಿದ್ದರೆ, ಅವರು ಸೋಫಾವನ್ನೇ ಗ್ಯಾಲರಿ ಮಾಡಿ ಅವಳನ್ನು ತಿದ್ದತೊಡಗಿದರು.

"ಕಾಲಿಳಿಸು ಪುಟ್ಟಿ. ಕಂಬಿ ಮೇಲೆ ಕೈ ಇಡಬಾರದು. ಕಲಾಪದ ಮಧ್ಯೆ ಎದ್ದು ಬರಬಾರದು."

"ಬೋರಾದ್ರೆ, ತಾತ?"

"ಆಗ್ಲಿ ಬಿಡು. ನಿಮ್ಮಮ್ಮನ ಸೀರಿಯಲ್ಲಾ ಅದು?"

ಹೊರಡುವ ದಿನ ಒಂದೇ ಒಂದು ಕೆಲಸ ಹೇಳಿದರು. "ಅಲ್ಲಿ ಗ್ಯಾಲರಿ ಬಾಗಿಲಲ್ಲಿ ನಿಂತಿರ್ತಾರಲ್ಲ, ಅವರಿಗೆ ಕುರ್ಚಿ ಇದೆಯಾ, ಕೂತ್ಕೋತಾರಾ, ನೋಡ್ಕೊಂಡು ಬಂದು ನಂಗೆ ಹೇಳು." ತಾವು ಮಾತ್ರ ಸದನ ನಡೆಯುವಾಗ ಒಮ್ಮೆಯೂ ಕೂತವರಲ್ಲ. ಅವರು ಮರೆತರೂ ಅವರ ಮಂಡಿ ಅದನ್ನು ಮರೆತಿರಲಿಲ್ಲ.

ಅವಳು ಹೊರಟ ವಾರದಲ್ಲೇ ಮಾವನವರ ಹೃದಯ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ನನ್ನ ಗಂಡ ಅವಳಿಗೆ ಹೇಳೋಣವೆಂದು ಫೋನು ತೆಗೆದರೆ ಕೈ ಅಡ್ಡ ಹಿಡಿದರು. "ಮಧ್ಯದಲ್ಲಿ ಕರೆಸಬೇಡ ಕಣೋ. ಎದ್ದು ಬರಬಾರದು ಅಂತ ನಾನೇ ಹೇಳಿಕೊಟ್ಟಿದೀನಿ." ನಾವೋ, ಪರೀಕ್ಷೆಗೆ ಕೂತ ಮಕ್ಕಳಿಂದ ಸಾವಿನ ಸುದ್ದಿಯನ್ನೇ ಮುಚ್ಚಿಡುವ ಮನೆಗಳಲ್ಲಿ ಬೆಳೆದವರು. ಹಿರಿಯರ ಮಾತು ನಡೆಸಿದೆವು. ಅವಳು ಬರುವ ಹಿಂದಿನ ದಿನ ಅವರು ಹೋಗಿಬಿಟ್ಟರು.

ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲಿ ಹೇಳಿದೆವು. ಮನೆಬಾಗಿಲಲ್ಲಿ ಶೂ ಬಿಚ್ಚುತ್ತಾ, "ನಾನು ಎದ್ದು ಬರ್ತಿದ್ದೆ, ಅಮ್ಮ" ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಸೋಫಾದ ಮೇಲೆ, ಅವರು ಕೂರುತ್ತಿದ್ದ ಮೂಲೆಯ ಪಕ್ಕ, ಬೆನ್ನು ನೆಟ್ಟಗೆ ಮಾಡಿ ಕಾಲಿಳಿಸಿ ಕೂತಳು. ಆ ಖಾಲಿ ಮೂಲೆಗೆ ಹೇಳಿದಳು: "ಕುರ್ಚಿ ಇದೆ ತಾತ. ಬಾಗಿಲ ಹತ್ರಾನೇ. ಒಬ್ರು ಆಂಟಿ ಇದ್ರು, ನಾನು ನೋಡ್ತಾನೇ ಇದ್ದೆ. ಅವರೂ ಕೂತ್ಕೊಳ್ಳಲಿಲ್ಲ."

ಕೇಳಿದ್ದರೆ ಮಾವನವರು ಹಿಗ್ಗುತ್ತಿದ್ದರೋ, ಪಾಪ ಆ ಹೆಂಗಸಿನ ಮಂಡಿ ಅನ್ನುತ್ತಿದ್ದರೋ, ಇವತ್ತಿಗೂ ನನಗೆ ತಿಳಿಯದು.

ಮೊನ್ನೆ ಮೀಟಿಂಗಿನಲ್ಲಿ ನಮ್ಮ ಬೀದಿಯ ಸರದಿ ಬರುವ ಹೊತ್ತಿಗೆ ಪರ್ಸಿನೊಳಗೆ ಫೋನು ಅದುರಿತು. ಈಗ ಬೇರೆ ಊರಿನಲ್ಲಿ ಓದುತ್ತಿರುವ ಅನಘ. ದಿನವೂ ಮಾಡುವ ಫೋನೇ, ಊಟ ಆಯ್ತಾ ಅಂತ ಕೇಳುವುದಕ್ಕೆ. ಹಿಂದೆಲ್ಲ ಆಮೇಲೆ ಮಾತಾಡಿದರಾಯಿತು ಅಂತಿದ್ದೆ.

ಕಲಾಪದ ಮಧ್ಯೆಯೇ ಎದ್ದೆ. ಬಾಗಿಲ ಹತ್ತಿರ ಖಾಲಿ ಕುರ್ಚಿಯ ಪಕ್ಕ ನಿಂತಿದ್ದ ಹಿರಿಯರೊಬ್ಬರು, ಏನೂ ಕೇಳದೆ, ನನಗೆ ಬಾಗಿಲು ತೆರೆದು ಹಿಡಿದರು.