ತಾಯಿ ಗುಡಾಣದ ಹಲ್ಲು

ಸ್ತಿಲ್ಲಿಸ್ ಬೆಳಿಗ್ಗೆ ಎದ್ದವನು ಕಾಫಿಗೆ ಮೊದಲು ನೆಲಮಾಳಿಗೆಗೆ ಇಳಿಯುತ್ತಾನೆ. ಅಲ್ಲಿ ಅರ್ಧ ನೆಲದೊಳಗೆ ಹೂತು ನಿಂತಿರುವ ಆಳೆತ್ತರದ ಮಣ್ಣಿನ ಗುಡಾಣಕ್ಕೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, "ಎದ್ದೆಯೇನಮ್ಮಾ?" ಎನ್ನುತ್ತಾನೆ. ಗುಡಾಣ ಗುಂಯ್ ಎನ್ನುತ್ತದೆ. "ಸರಿ ಹಾಗಾದ್ರೆ" ಎಂದು ಹೇಳಿ ಮೇಲೆ ಬಂದು ಕಾಫಿ ಕುಡಿಯುತ್ತಾನೆ. ಮದುವೆಯ ದಿನವೂ ಇದನ್ನು ತಪ್ಪಿಸಲಿಲ್ಲ. ಮಿಲಿಯಾ ಚರ್ಚಿನ ಬಾಗಿಲಲ್ಲಿ ಹೂಗುಚ್ಛ ಹಿಡಿದು ಕಾಯುತ್ತ ನಿಂತಿದ್ದಳು.

"ಈ ಮನೇಲಿ ಇಬ್ಬರು ಅತ್ತೆಯರು ಅಂತ ಮೊದಲೇ ಹೇಳಿದ್ರೆ ನಾನು ಬರ್ತಾನೇ ಇರ್ಲಿಲ್ಲ" ಎಂದು ಅವಳು ನಲವತ್ತಾರು ವರ್ಷಗಳಿಂದ ಹೇಳುತ್ತಿದ್ದಾಳೆ. "ಒಬ್ಬರಾದ್ರೂ ತೀರಿಕೊಂಡ್ರು. ಇವಳು ಸಾಯೋಳಲ್ಲ."

ಅವಳ ಮಾತು ನಿಜ. ಸೈಪ್ರಸ್ಸಿನ ನಮ್ಮ ಬೆಟ್ಟದ ಊರುಗಳಲ್ಲಿ ಸಿಹಿ ವೈನಿನ ತಾಯಿ ಗುಡಾಣ ಎಂದೂ ಬರಿದಾಗಬಾರದು. ವರ್ಷಕ್ಕೊಮ್ಮೆ ಮೇಲಿನ ಮೂರರಲ್ಲೊಂದು ಪಾಲು ತೆಗೆದು, ಅಷ್ಟೇ ಹೊಸದನ್ನು ಸುರಿಯುತ್ತೇವೆ. ತಳದಲ್ಲಿ ಅಜ್ಜನ ಅಜ್ಜನ ಕಾಲದ್ದು ಇರುತ್ತದೆ, ಅದರಡಿ ಅವನಿಗೂ ಹಿಂದಿನವರದು. ಗುಡಾಣವೇ ಒಡೆದಾಗ ಮಾತ್ರ, ಬೇರೆ ದಾರಿಯಿಲ್ಲದೆ, ಉಳಿದದ್ದನ್ನು ಇನ್ನೊಂದಕ್ಕೆ ಹಾಕಿ ತಾಯಿಯನ್ನು ಕಾಪಾಡುತ್ತೇವೆ. ಹಾಗಲ್ಲದೆ ಪೂರ್ತಿ ಬರಿದು ಮಾಡಿದರೆ ಅದು ಬರೀ ಮಡಕೆ.

ಊರಲ್ಲಿ ಯಾರ ತಾಯಿ ಎಲ್ಲರಿಗಿಂತ ಹಳೆಯದೋ ಆ ಮನೆಯ ವೈನು ಚರ್ಚಿನ ಪವಿತ್ರ ಬಟ್ಟಲಿಗೆ ಹೋಗುತ್ತದೆ. ತಲೆಮಾರುಗಳಿಂದ ಅದು ಸ್ತಿಲ್ಲಿಸನ ಮನೆಯದು. ಅವನಿಗೆ ಇದ್ದ ಮರ್ಯಾದೆ ಅದೊಂದೇ. ಊರ ಮುಖಂಡನಾಗಲು ಎರಡು ಸಲ ನಿಂತು ಸೋತಿದ್ದ. ಎರಡನೆಯ ಸಲ ಮಿಲಿಯಾ ಕೂಡ ಬೇರೆಯವರಿಗೆ ಮತ ಹಾಕಿದ್ದಳು. ಚರ್ಚಿನಲ್ಲಿ ಹಾಡಲು ಹೋದಾಗ ನಮ್ಮವರು, ಅಂದರೆ ಊರಿನ ಪಾದ್ರಿಗಳಾದ ನನ್ನ ಗಂಡ, ಮೃದುವಾಗಿ ಗಂಟೆ ಹೊಡೆಯುವ ಕೆಲಸ ಕೊಟ್ಟರು. ಆದರೆ ಭಾನುವಾರ ಬಟ್ಟಲು ಹೊರಗೆ ಬಂದಾಗ ಅವನು ಎದೆಯುಬ್ಬಿಸಿ ನಿಲ್ಲುವುದನ್ನು ನೋಡಬೇಕು.

ಈ ವರ್ಷ ಶಿಲುಬೆ ಹಬ್ಬದ ಹೊತ್ತಿಗೆ ಪಕ್ಕದ ಮನೆಯ ಹಾಂಬಿಸ್, ತನ್ನ ಮನೆಯ ತಾಯಿಯೇ ಹಳೆಯದು ಎಂದು ತಕರಾರು ತೆಗೆದ. ಕಾಫಿ ಅಂಗಡಿಯಲ್ಲಿ ಸ್ತಿಲ್ಲಿಸ್ ಎಂದಿನಂತೆ ತನ್ನ ವಂಶದ ಕಥೆ ಹೇಳುತ್ತಿದ್ದ.

"ನಮ್ಮ ಮೂಲಪುರುಷ ದ್ರಾಕ್ಷಿ ಕಿತ್ತು ಬಿಸಿಲಿಗೆ ಹರವಿ, ಒಂದು ಗಳಿಗೆ ಅಡ್ಡಾಗ್ತೀನಿ ಅಂತ ಮರದ ಕೆಳಗೆ ಮಲಗಿದ. ಎದ್ದಿದ್ದು ಹತ್ತು ದಿನ ಆದ್ಮೇಲೆ. ನೋಡ್ತಾನೆ, ದ್ರಾಕ್ಷಿ ಎಲ್ಲ ಒಣಗಿ ಜೇನಾಗಿದೆ. ಹಿಂಡಿದ. ಪ್ರಪಂಚದ ಮೊದಲ ಸಿಹಿ ವೈನು ಅದೇ."

"ನಿಮ್ಮ ವಂಶ ಇನ್ನೂ ಪೂರ್ತಿ ಎದ್ದಿಲ್ಲ ಬಿಡು" ಎಂದ ಹಾಂಬಿಸ್. "ಅವನು ಮಲಗಿದ್ದಾಗ ಹಿಂಡಿದ್ದು ನಮ್ಮೋನು."

"ಶಿಲುಬೆ ಅಂಗಿಯ ಸೈನಿಕ ಸನ್ಯಾಸಿಗಳು ಕುದುರೆ ಹತ್ತಿ ಬಂದು ಇದಕ್ಕೆ ಕಮಾಂಡರಿಯಾ ಅಂತ ಹೆಸರಿಟ್ಟಾಗ್ಲೇ ನಮ್ಮ ತಾಯಿಗೆ ತಲೆ ನೆರೆತಿತ್ತು, ಗೊತ್ತಾ?"

"ಆ ಸನ್ಯಾಸಿಗಳಿಗೆ ದಾರಿ ತೋರಿಸಿದ್ದೇ ನಮ್ಮ ತಾಯಿ!"

"ಹಲ್ಲುಗಳ್ಳರ ಮನೆಯೋರು ಬಾಯಿ ಮುಚ್ಕೊಂಡಿರಿ!"

ಆ ಬೈಗುಳಕ್ಕೊಂದು ಹಿನ್ನೆಲೆ ಇದೆ. ಎಪ್ಪತ್ತು ವರ್ಷಗಳ ಹಿಂದೆ ಸ್ತಿಲ್ಲಿಸನ ಅಜ್ಜ ಪಿಯರಿಸ್ ಲಿಮಾಸೋಲ್ ಪಟ್ಟಣಕ್ಕೆ ಹೋಗಿ, ಕತ್ತೆ ಮಾರಿ, ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದಿದ್ದ. ಊರಿನ ಮೊದಲ ಸೆಟ್ಟು ಅದು. ಎರಡೇ ವಾರಕ್ಕೆ ಅದು ಕಾಣೆಯಾಯಿತು. ಕದ್ದವನು ಹಾಂಬಿಸನ ಅಜ್ಜನೇ ಎಂದು ಪಿಯರಿಸ್ ಸಾರಿದ. ಸಾಕ್ಷಿ ಏನೆಂದರೆ, ಆ ವಾರ ಹಾಂಬಿಸನ ಅಜ್ಜ ಆ ವಯಸ್ಸಿನಲ್ಲೂ ಬಾದಾಮಿ ಕಡಿಯುತ್ತಿದ್ದುದನ್ನು ಕಂಡವರಿದ್ದರು. ಇನ್ನೊಬ್ಬರ ಬಾಯಿಯ ಹಲ್ಲು ಅವನ ಬಾಯಿಗೆ ಹೇಗೆ ಕೂತೀತು ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಅದು ಹಲ್ಲುಗಳ್ಳರ ಮನೆ. ಹಾಂಬಿಸನ ಮಗಳ ಮದುವೆಯಲ್ಲೂ ಯಾರೋ ಬಾದಾಮಿ ತಟ್ಟೆ ನೋಡಿ ಕಿಸಕ್ಕೆಂದಿದ್ದರು.

ಜಗಳ ಮುಗಿಸಲು ನಮ್ಮವರು ವಸ್ತುಸಂಗ್ರಹಾಲಯದಿಂದ ಥಿಯಾನೋ ಎಂಬ ಹೆಣ್ಣುಮಗಳನ್ನು ಕರೆಸಿದರು. ಎರಡೂ ತಾಯಂದಿರ ತಳದ ಗಸಿ ಒಂದೊಂದು ಸೀಸೆ ಕೊಟ್ಟರೆ ಪರೀಕ್ಷೆ ಮಾಡಿಸಿ ನೋಡಬಹುದು ಎಂದಳು ಅವಳು. ಹಾಂಬಿಸನ ಗುಡಾಣ ಚಿಕ್ಕದು. ಉದ್ದ ಸೌಟು ಸಾಕಾಯಿತು. ಸ್ತಿಲ್ಲಿಸನ ಗುಡಾಣದ ತಳಕ್ಕೆ ಯಾವ ಸೌಟೂ ಮುಟ್ಟಲಿಲ್ಲ.

"ಬೇರೆ ಪಾತ್ರೆಗೆ ಬಗ್ಗಿಸಿಬಿಡಿ" ಎಂದಳು ಥಿಯಾನೋ.

ಸ್ತಿಲ್ಲಿಸ್ ಗುಡಾಣವನ್ನು ತಬ್ಬಿಕೊಂಡ. "ತಾಯೀನ ಬರಿದು ಮಾಡಿ ವಯಸ್ಸು ಕೇಳ್ತೀಯಾ ಮಗಳೇ? ಆಮೇಲೆ ಉತ್ತರ ಹೇಳೋಕೆ ಯಾರಿರ್ತಾರೆ?"

ಕೊನೆಗೆ ಮೊಣಕಾಲುದ್ದ ವೈನು ಉಳಿಸಿ, ಒಬ್ಬರು ಒಳಗಿಳಿಯುವುದೆಂದು ತೀರ್ಮಾನವಾಯಿತು. ಇಳಿಯುವುದು ತಾನೇ ಎಂದು ಸ್ತಿಲ್ಲಿಸ್ ಹಟ ಹಿಡಿದ. ಮಿಲಿಯಾ ಅವನ ಕಾಲುಗಳನ್ನು ಮೂರು ಸಲ ಸೋಪು ಹಾಕಿ ಉಜ್ಜಿದಳು. "ಮದುವೆ ದಿನವೂ ಇಷ್ಟು ತೊಳ್ಕೊಂಡಿರ್ಲಿಲ್ಲ ನೀವು" ಎಂದಳು. ನಮ್ಮವರು ಆ ಕಾಲುಗಳನ್ನು ಆಶೀರ್ವದಿಸಿದರು. ಒಳಗೆ ಉಸಿರಾಡುವಂತಿದೆಯೇ ಎಂದು ಮೊದಲು ಹಗ್ಗಕ್ಕೆ ಕಟ್ಟಿದ ಮೇಣದಬತ್ತಿ ಇಳಿಬಿಟ್ಟರು. ಅದು ಆರಲಿಲ್ಲ. ಸ್ತಿಲ್ಲಿಸ್ ಅಂಗಿ ತೆಗೆದು, ಕೈಗಳನ್ನು ಮೇಲೆತ್ತಿ, ಉಸಿರು ಬಿಗಿಹಿಡಿದು ಇಳಿದ. ಹೊಟ್ಟೆ ಬಾಯಂಚಿಗೆ ತಾಗಿ ಒಂದು ಗಳಿಗೆ ನಿಂತಿತು. ಹಾಂಬಿಸ್ ಬಹಳ ಸಂತೋಷದಿಂದ ಅವನ ಭುಜಗಳನ್ನು ಒತ್ತಿದ. ಸ್ತಿಲ್ಲಿಸ್ ಪುಳಕ್ಕನೆ ಒಳಗೆ ಹೋದ.

ತಲೆಯೊಂದೇ ಮೇಲೆ ಕಾಣುತ್ತಿತ್ತು. ಕಾಲಿನಿಂದ ಗಸಿಯನ್ನು ತಡಕುತ್ತಿದ್ದ ಅವನ ಮುಖದಲ್ಲಿ ಪೂಜೆಯ ಕಳೆ ಇತ್ತು. ಇದ್ದಕ್ಕಿದ್ದಂತೆ ಕಿರುಚಿದ.

"ಅಯ್ಯೋ! ಕಚ್ಚಿದಳು! ತಾಯಿ ನನ್ನ ಕಚ್ಚಿಬಿಟ್ಟಳು!"

"ಕಚ್ಚದೆ ಇನ್ನೇನು, ಹೆಬ್ಬೆರಳ ಉಗುರು ನೋಡ್ಕೊಂಡಿದ್ದೀರಾ?" ಎಂದಳು ಮಿಲಿಯಾ.

ಅವನು ಕಷ್ಟಪಟ್ಟು ಒಂದು ಕಾಲನ್ನು ಕೈಗೆ ಸಿಗುವಷ್ಟು ಎತ್ತಿ, ಬೆರಳಿಗೆ ಕಚ್ಚಿಕೊಂಡದ್ದನ್ನು ಬಿಡಿಸಿದ. ಕೈ ಹೊರಗೆ ಬಂದಾಗ ಅದರಲ್ಲಿ ಗಸಿ ತೊಟ್ಟಿಕ್ಕುವ, ಚಿನ್ನದ ಒಂದು ಕೋರೆಹಲ್ಲಿದ್ದ ಹಲ್ಲಿನ ಸೆಟ್ಟು ಇತ್ತು. ಆ ಚಿನ್ನದ ಹಲ್ಲನ್ನು ಊರೆಲ್ಲ, ಸೆಟ್ಟು ಕಟ್ಟಿಸಿಕೊಂಡ ದಿನವೇ ಪಿಯರಿಸ್ ತೆಗೆಸಿದ್ದ ಫೋಟೋದಲ್ಲಿ ನೋಡಿದೆ.

ನಾನು ಮನಸ್ಸಿನಲ್ಲಿ ಶಿಲುಬೆಯ ಗುರುತು ಹಾಕಿಕೊಂಡೆ. ಹುಟ್ಟಿದಾಗಿನಿಂದ ಪ್ರತಿ ಭಾನುವಾರ, ಮತ್ತೆ ನನ್ನ ಮದುವೆಯಲ್ಲಿ ದಂಪತಿಗಳಿಗೆ ಕೊಟ್ಟ ಬಟ್ಟಲಲ್ಲೂ, ನಾನು ಕುಡಿದದ್ದು ಆ ಹಲ್ಲುಗಳ ಮೇಲೆ ನಿಂತ ವೈನನ್ನೇ. ರುಚಿಯಾಗಿತ್ತು, ಸುಳ್ಳು ಹೇಳಲಾರೆ.

ನಮ್ಮವರು ಪ್ರಾರ್ಥನೆಯ ಪುಸ್ತಕ ತೆಗೆದರು. "ಇದಕ್ಕೊಂದು ಪ್ರಾರ್ಥನೆ ಇದೆ. ವೈನಿನ ಪಾತ್ರೆಗೆ ಅಶುದ್ಧ ವಸ್ತು ಬಿದ್ದರೆ ಓದೋದು."

"ಅಶುದ್ಧ ಅಂದ್ರೆ ಯಾರು ಪಾದ್ರಿಗಳೇ, ನಮ್ಮಜ್ಜನಾ?" ಎಂದಿತು ಗುಡಾಣದೊಳಗಿನ ತಲೆ.

"ಇಲಿ ಬಿದ್ದರೂ ಇದೇ ಪ್ರಾರ್ಥನೆ ಓದ್ತೀವಪ್ಪ."

"ಇಲಿ ಜೊತೆಗೆ ಸೇರಿಸಿದ್ರಾ!"

ಪ್ರಾರ್ಥನೆ ಮುಗಿಯಿತು. ಹಾಂಬಿಸ್ ಮಾತ್ರ ನೆಲದ ಮೇಲೆ ಕುಸಿದು ಕೂತಿದ್ದ. ಸೆಟ್ಟನ್ನು ಕರವಸ್ತ್ರದಲ್ಲಿ ಇಟ್ಟುಕೊಂಡು, ತೊಟ್ಟಿಲ ಮಗುವನ್ನು ನೋಡುವಂತೆ ನೋಡುತ್ತಿದ್ದ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ.

"ನಮ್ಮಜ್ಜ ಕದ್ದಿರ್ಲಿಲ್ಲ ಪಾದ್ರಿಯಮ್ಮ" ಎಂದ ನನಗೆ. "ಬರೀ ಬಾದಾಮಿ ತಿಂದಿದ್ದ ಅಷ್ಟೇ."

"ಹೌದು ಹಾಂಬಿಸ್" ಎಂದೆ.

ಸ್ತಿಲ್ಲಿಸ್ ಹೊರಬರಲು ನೋಡಿದ. ಹೊಟ್ಟೆ ಬಾಯಂಚಿಗೆ ಸಿಕ್ಕಿತು. ಮತ್ತೆ ಒಳಗೆ ಜಾರಿದ. ಆಮೇಲೆ ಸಣ್ಣ ದನಿಯಲ್ಲಿ ಹೆಂಡತಿಯನ್ನು ಕೇಳಿದ.

"ಮಿಲಿಯಾ, ಅಪ್ಪ ಏನು ಹೇಳ್ತಿದ್ದ? ಮೊದಲೆಲ್ಲ ಅಜ್ಜ ಹೇಗೆ ಎಬ್ಬಿಸ್ತಿದ್ದ ಇವಳನ್ನ?"

"ಮುಚ್ಚಳ ತೆಗೆದು, ತಲೆ ಒಳಗೆ ಹಾಕಿ ಕೂಗ್ತಿದ್ರಂತೆ. ಆಮೇಲೆ ಇದ್ದಕ್ಕಿದ್ದ ಹಾಗೆ ಹೊರಗಿಂದ ತಟ್ಟೋಕೆ ಶುರು ಮಾಡಿದ್ರಂತೆ."

"ಯಾವಾಗಿಂದ?"

ಮಿಲಿಯಾ ಹಾಂಬಿಸನ ಕೈಯಲ್ಲಿದ್ದ ಸೆಟ್ಟಿನ ಕಡೆ ತಿರುಗಿದಳು. ಎಲ್ಲರಿಗೂ ಗೊತ್ತಾಯಿತು. ತಲೆ ಒಳಗೆ ಹಾಕಿ ಕೂಗುವಾಗ ಸೆಟ್ಟು ಬಿದ್ದದ್ದು ಎಲ್ಲಿ ಎಂದು ಪಿಯರಿಸನಿಗೆ ಗೊತ್ತಿತ್ತು. ತೆಗೆಯಬೇಕಾದರೆ ತಾಯಿಯನ್ನು ಮುಕ್ಕಾಲು ಪಾಲು ಬರಿದು ಮಾಡಬೇಕಿತ್ತು. ಹೇಳಿದರೆ ಚರ್ಚಿನ ಬಟ್ಟಲು ಕೈತಪ್ಪುತ್ತಿತ್ತು. ಪಕ್ಕದ ಮನೆಯವನನ್ನು ಕಳ್ಳ ಎನ್ನುವುದು ಸುಲಭವಾಗಿತ್ತು.

ಥಿಯಾನೋ ಸೀಸೆ ತುಂಬಿಕೊಂಡು, ಪರೀಕ್ಷೆಗೆ ಎರಡು ತಿಂಗಳು ಬೇಕು ಎಂದಳು. ಹಾಂಬಿಸ್ ಎದ್ದು ಕಣ್ಣೊರೆಸಿಕೊಂಡ.

"ಯಾವ ಪರೀಕ್ಷೆಯೂ ಬೇಡ ಕಣಮ್ಮ. ಲೋ ಸ್ತಿಲ್ಲಿಸ್, ನಿಮ್ಮ ತಾಯೀನೇ ದೊಡ್ಡೋಳು ಅಂತ ನಾನೇ ಚರ್ಚಿನ ಸಮಿತಿ ಮುಂದೆ ಹೇಳ್ತೀನಿ. ಬಟ್ಟಲು ನಿಮ್ಮನೇಲೇ ಇರ್ಲಿ. ನಂಗೆ ಬೇಕಾದ್ದು ಸಿಕ್ತು. ಬಾ, ಕೈ ಕೊಡು, ಎಳೀತೀನಿ."

ಸ್ತಿಲ್ಲಿಸ್ ಕೈ ಕೊಡಲಿಲ್ಲ. ಎರಡೂ ಕೈಗಳನ್ನು ಗುಡಾಣದ ಅಂಚಿನ ಮೇಲಿಟ್ಟು, ಅದರ ಮೇಲೆ ಗದ್ದ ಊರಿದ.

"ಬೇಡ ಮಾರಾಯ. ಈ ಭಾನುವಾರದಿಂದ ನಿಮ್ಮ ಗುಡಾಣದ್ದೇ ಹೋಗ್ಲಿ. ಎಳೆಯೋದೂ ಬೇಡ. ಮೊದಲು ಕಾಫಿ ಅಂಗಡಿಗೆ ಹೋಗಿ, ಆ ಹಲ್ಲು ಎಲ್ಲರಿಗೂ ತೋರಿಸಿ, ಎಲ್ಲಿ ಸಿಕ್ತು ಅಂತ ಹೇಳು. ಅಲ್ಲೀತನಕ ನಾನು ಇಲ್ಲೇ ಇರ್ತೀನಿ."