ಗಡ್ಡಿಯಲ್ಲಿ ಹಿಡಿಸದ ಓಟ

ಆ ನಾಯಿ ನಮ್ಮ ಮನೆಗೆ ಬಂದದ್ದು ನನ್ನ ಹಟದಿಂದ. ನಾವು ಭಾಗ್ಯನಗರದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟುಕೊಂಡ ಮಂದಿ. ಮನೆಯ ಹಿಂದೆ ಯಾರದೋ ಹೊಲ. ಸುಗ್ಗಿ ಮುಗಿದ ಮೇಲೆ ಕುಷ್ಟಗಿ ಕಡೆಯ ಕುರಿಗಾರನೊಬ್ಬ ಪ್ರತಿ ವರ್ಷ ಅಲ್ಲಿ ಕುರಿ ತಂದು ನಿಲ್ಲಿಸುತ್ತಾನೆ, ಹೊಲಕ್ಕೆ ಗೊಬ್ಬರವಾಗಲಿ ಎಂದು. ಆ ಸಲ ಅವನ ನಾಯಿ ಮರಿ ಹಾಕಿತ್ತು. ಉದ್ದ ಮೂತಿಯ, ಸಣ್ಣ ನಡುವಿನ ಬೇಟೆ ನಾಯಿಯ ಜಾತಿ. ಗಂಡು ಮರಿಗಳೆಲ್ಲ ಖರ್ಚಾಗಿ ಒಂದು ಹೆಣ್ಣು ಉಳಿದಿತ್ತು.

"ಹೆಣ್ಣ ಐತ್ರಿ ಅಕ್ಕಾರ, ಯಾರೂ ಒಯ್ಯವಲ್ರು. ನೀವರ ಸಾಕ್ರಿ," ಅಂದ.

ನಮ್ಮ ಮನೆಯವರು ಬಾಗಿಲಲ್ಲೇ ಅಡ್ಡ ನಿಂತರು. ಒಳಗಿನಿಂದ ಅತ್ತೆ, "ಹೆಣ್ಣ ಕೂಸು ಮನಿಗಿ ಬಂದ್ರ ಬ್ಯಾಡ ಅನಬಾರ್ದೋ," ಎಂದು ಕೂಗಿದರು. ತಾಯಿಯ ಮಾತಿಗೆ ಮಗ ಪಕ್ಕಕ್ಕೆ ಸರಿದರು. ನಾನು ಗೆದ್ದೆ.

ಗೆದ್ದೆ ಅಂದುಕೊಂಡೆ ಅಷ್ಟೇ. ಮಳೆಗಾಲದ ಹೊತ್ತಿಗೆ ಆ ಮರಿ ಸೊಂಟದೆತ್ತರ ಬೆಳೆಯಿತು. ಅಬ್ಬಬ್ಬಾ, ಅದರ ಕಾಲಿನ ಉರವಣಿಗೆಯೇ! ಪಕ್ಕದ ಮಗ್ಗದ ಮನೆಯಲ್ಲಿ ಒಣಗಲು ಹಾಕಿದ ಬಣ್ಣದ ನೂಲನ್ನು ಓಣಿಯ ತುಂಬಾ ಎಳೆದಾಡಿತು. ಹಾಲಿನವನ ಬೈಕಿನ ಮುಂದೆ ಓಡಿ ಅವನನ್ನು ಗಟಾರಕ್ಕೆ ಇಳಿಸಿತು. ಕರೆದರೆ ಒಂದು ಕಿವಿ ಎತ್ತಿ ನನ್ನ ಕಡೆ ನೋಡಿ, ಮತ್ತೆ ತನ್ನ ದಾರಿ ಹಿಡಿಯುತ್ತಿತ್ತು. ಹೆಸರೂ ಇಡಲಿಲ್ಲ ಅದಕ್ಕೆ. ಬೈಯಲು ಹೆಸರು ಬೇಕಾಗುವುದಿಲ್ಲವಲ್ಲ.

ಓಣಿಯವರ ದೂರು ಕೇಳಿ ಕೇಳಿ ಸಾಕಾಗಿ ಇವರು ಒಂದು ದಿನ ಹೇಳಿಬಿಟ್ಟರು: "ಎಳ್ಳ ಅಮಾಸಿ ತನಕ ನೋಡ್ತೀನಿ. ಕರದ್ರ ಬರೂಹಂಗ ಆದ್ರ ಇರ್ಲಿ. ಇಲ್ಲಂದ್ರ ಈ ಸಲ ಕುರಿಗಾರ ಬಂದಾಗ ವಾಪಸ್ ಅವ್ನ ಕೈಗೆ."

"ಕಲಸ್ತೀನಿ ನೋಡ್ರಿ," ಅಂದೆ. ನನಗೆ ರೋಷ ಬಂದಿತ್ತು. ಅವತ್ತಿನಿಂದ ಅದನ್ನು ಪಡಸಾಲೆಯಲ್ಲಿ ಹಗ್ಗಕ್ಕೆ ಕಟ್ಟಿಹಾಕಿದೆ.

ಬಿಚ್ಚಿ ಬಿಡದೆ, ಕರೆದರೆ ಬರುವುದನ್ನು ಕಲಿಸುವುದು ಹೇಗೆ? ಬಿಚ್ಚಿ ಬಿಟ್ಟರೆ ಸಿಗುವುದು ಹೇಗೆ? ಆಗ ನೆನಪಾದದ್ದು ನನ್ನ ತವರಿನ ಗಡ್ಡಿ. ಹನುಮನಹಳ್ಳಿಯ ಹತ್ತಿರ, ತುಂಗಭದ್ರೆಯ ನಡುವೆ, ನನ್ನ ಅಣ್ಣ ಶೇಂಗಾ, ಬದನೆ ಬೆಳೆಯುವ ಒಂದು ನಡುಗಡ್ಡೆ. ಅದನ್ನು ನಾವು ಗಡ್ಡಿ ಅಂತಲೇ ಕರೆಯುವುದು. ಸುತ್ತ ನೀರು. ಎಷ್ಟು ಓಡಿದರೂ ಗಡ್ಡಿ ಬಿಟ್ಟು ಹೋಗುವಂತಿಲ್ಲ.

ಹೊಳೆ ಇಳಿದ ಮೇಲೆ, ಅಂಗಡಿ ಬಂದ್ ಇರುವ ದಿನ ಸ್ಕೂಟಿಯ ಮೇಲೆ ನನ್ನ ಎರಡು ಕಾಲಿನ ನಡುವೆ ನಾಯಿಯನ್ನು ನಿಲ್ಲಿಸಿಕೊಂಡು ಹೊರಟೆ. ಮುನಿರಾಬಾದ್ ದಾಟುವಾಗ ಚಹಾದಂಗಡಿಯ ಮುಂದೆ ನಿಂತವರೆಲ್ಲ ನಕ್ಕರು. ನಗಲಿ, ಅವರ ಗಂಟೇನು ಹೋಗಬೇಕು.

ಅಣ್ಣ ಹರಿಗೋಲು ಹಾಕಿದ. ಬುಟ್ಟಿಯಂಥ ದೋಣಿಯಲ್ಲಿ ನಾಯಿ ಈ ಅಂಚಿನಿಂದ ಆ ಅಂಚಿಗೆ ಓಡಾಡಿ, ನಾವು ನದಿಯ ನಡುವೆ ಗಿರಗಿರ ತಿರುಗಿದೆವು. "ತಂಗಿ, ಅದನ್ನ ಹಿಡಿ, ಇಲ್ಲಂದ್ರ ಮೂರೂ ಮಂದಿ ಗಂಗವ್ವನ ಪಾಲ!" ಎಂದು ಅಣ್ಣ ಬಾಯಿ ಮಾಡಿದ. ನಾನು ಅದರ ಕೊರಳನ್ನು ತಬ್ಬಿ ಕುಳಿತೆ. ಅದರ ಎದೆ ನನ್ನ ಕೈಯೊಳಗೆ ಡವಡವ ಹೊಡೆದುಕೊಳ್ಳುತ್ತಿತ್ತು.

ಉಸುಕಿನ ದಂಡೆಯಲ್ಲಿ ಇಳಿದು ಬೆಲ್ಟ್ ಬಿಚ್ಚಿದೆ. ನಾಯಿ ನಂಬಲಿಲ್ಲ. ಕೊರಳು ಕೊಡವಿತು, ನನ್ನನ್ನು ನೋಡಿತು, ಎರಡು ಹೆಜ್ಜೆ ಇಟ್ಟು ಮತ್ತೆ ನನ್ನನ್ನು ನೋಡಿತು. ಆಮೇಲೆ ಹೋಯಿತು ನೋಡಿ! ಉಸುಕು ಚಿಮ್ಮಿದ್ದು ಕಂಡಿತು, ನಾಯಿ ಕಾಣಲಿಲ್ಲ. ಇಷ್ಟು ದಿನ ನಮ್ಮ ಪಡಸಾಲೆಯಲ್ಲಿ ಕಾಲು ಮಡಚಿ ಬಿದ್ದಿರುತ್ತಿದ್ದದ್ದು ಇದೇ ಪ್ರಾಣಿಯೇ? ಬಾಯಿ ತೆರೆದುಕೊಂಡು ನಿಂತುಬಿಟ್ಟೆ.

ಕರೆದೆ. ಬರಲಿಲ್ಲ. ರೊಟ್ಟಿ ತೋರಿಸಿ ಕರೆದೆ. ಊಹೂಂ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅಣ್ಣ ಬದನೆಯ ಸಾಲಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಕೊನೆಗೆ ನಾನೇ ಅದರ ಹಿಂದೆ ನಡೆದೆ. ಆ ದಿನವಷ್ಟೇ ಅಲ್ಲ, ಎಳ್ಳ ಅಮಾವಾಸ್ಯೆ ಬರುವವರೆಗೆ ಬಿಡುವಾದಾಗೆಲ್ಲ ಹೋದೆ, ಹೋದಾಗೆಲ್ಲ ಅದರ ಹಿಂದೆ ನಡೆದೆ. ಕಲಿಸಲು ಹೋದವಳು ನಾನು. ದಾರಿ ತೋರಿಸಿದ್ದು ಅದು. ಹುಟ್ಟಿದಾರಭ್ಯ ಕಂಡ ಗಡ್ಡಿ, ಆದರೆ ಹೊಲ, ಬಾವಿ, ಹರಿಗೋಲು ಕಟ್ಟುವ ಕಲ್ಲು ಬಿಟ್ಟರೆ ನಾನು ಕಂಡದ್ದೇನು? ಜಾಲಿಯ ಗಿಡಗಳ ಕೆಳಗೆ ಬಗ್ಗಿ ಹೋಗುವ ಕಾಲುದಾರಿಗಳಿದ್ದವು. ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಒಬ್ಬರೇ ಅಡ್ಡಲಾಗಿ ನುಸುಳುವಂಥ ಸಂದು. ಅದರಾಚೆ, ಹೊರಗಿನಿಂದ ಯಾರಿಗೂ ಕಾಣದ, ಸಕ್ಕರೆಯಂಥ ಉಸುಕಿನ ಒಂದು ದಂಡೆ. ಅಲ್ಲೊಂದು ಚಪ್ಪಟೆ ಬಂಡೆಯ ಮೇಲೆ ಯಾರೋ ಚೌಕಾಬಾರದ ಮನೆ ಕೆತ್ತಿದ್ದರು. ಗೆರೆಗಳು ಸವೆದು ಬೆರಳಿಗಷ್ಟೇ ಸಿಗುತ್ತಿದ್ದವು. ಎಷ್ಟು ನೂರು ವರ್ಷದ ಹಿಂದಿನದೋ. ಯಾರು ಕೂತು ಆಡಿದರೋ, ಯಾರು ಸೋತು ಸಿಟ್ಟಾದರೋ. ನದಿಯಾಚೆ ಅಂಜನಾದ್ರಿಯ ಬಿಳಿ ಮೆಟ್ಟಿಲುಗಳ ಮೇಲೆ ಜನ ಇರುವೆಗಳ ಹಾಗೆ ಹತ್ತುತ್ತಿದ್ದರು. ನಾನು ಆ ಗೆರೆಗಳ ಮೇಲೆ ಬೆರಳಾಡಿಸುತ್ತ ಸುಮ್ಮನೆ ಕುಳಿತೆ. ನನ್ನಂಥ ವಟವಟ ಹೆಂಗಸು ಅಷ್ಟು ಹೊತ್ತು ಮಾತಿಲ್ಲದೆ ಕುಳಿತದ್ದು ನನಗೇ ಸೋಜಿಗ.

ನಾಯಿ ಮಾತ್ರ ಕರೆದರೆ ಬರುವುದನ್ನು ಕಲಿಯಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ನಮಗೆ ಹೊಲವಿಲ್ಲ, ಆ ದಿನ ಭೂಮಿತಾಯಿಗೆ ಎಡೆ ಕೊಡಲು ಅಣ್ಣನ ಗಡ್ಡಿಗೇ ಹೋಗುವುದು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ ಬುಟ್ಟಿಗೆ ತುಂಬಿಕೊಂಡು, ಇವರು, ಅತ್ತೆ, ನಾನು, ನಾಯಿ ಎಲ್ಲರೂ ಹರಿಗೋಲು ಹತ್ತಿದೆವು. ಇವತ್ತು ಇವರು ಕರೆದು ನೋಡುತ್ತಾರೆ, ಅದು ಬರುವುದಿಲ್ಲ, ಮುಗಿಯಿತು ಕಥೆ.

ಊಟಕ್ಕೆ ಮೊದಲು ಚರಗ. ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲಿ ಬರಬೇಕು. ಅಣ್ಣ ನೀರು ಚಿಮುಕಿಸುತ್ತ ಮುಂದೆ, ಇವರು ಬುಟ್ಟಿ ಹಿಡಿದು ಚರಗ ಚೆಲ್ಲುತ್ತ ಹಿಂದೆ. ಚೆಲ್ಲುವವರು ತಿರುಗಿ ನೋಡಬಾರದು ಅಂತ ನಮ್ಮ ಅತ್ತೆಯ ಕಟ್ಟಳೆ. ಇವರು ನೋಡಲೂ ಇಲ್ಲ. ಬೆಳೆಯ ಅಂಚಿನಲ್ಲಿ ಒಂದು ಸುತ್ತು ಮುಗಿಸಿ ನಮ್ಮ ಮುಂದೆ ಬಂದು ನಿಂತು ತಿರುಗಿದರೆ, ನಾಯಿ ಅವರ ಹಿಮ್ಮಡಿಗೆ ಮೂತಿ ಹಚ್ಚಿ ನಿಂತಿದೆ!

"ನೋಡ್ದೇನು?" ಇವರ ಮುಖ ಊರಗಲವಾಯಿತು. "ಕರೀಲಾರದ ಬಂತು! ಪೂರಾ ಒಂದ ಸುತ್ತ, ಬೆನ್ನ ಬಿಟ್ಟಿಲ್ಲ! ಕಲಿಸಿ ಬಿಟ್ಟಿ ನೀ, ಭಾಳ ಛಲೋ ಕಲಿಸೀದಿ!"

ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡು ನಗತೊಡಗಿದರು. "ಬರಲಾರದ ಏನ್ ಮಾಡ್ತೈತೋ ನನ್ನಪ್ಪ? ನೀ ಚೆಲ್ಲಿದ್ದ ಚರಗ ಒಂದ ತುತ್ತೂ ನೆಲದಾಗ ಉಳದಿಲ್ಲ!"

ಹಿಂದಿರುಗಿ ನೋಡಿದರೆ ಹೊಲದ ಅಂಚು ಗುಡಿಸಿಟ್ಟ ಹಾಗೆ ಸ್ವಚ್ಛ. ಅಣ್ಣ ನೀರಿನ ತಂಬಿಗೆ ಕೆಳಗಿಟ್ಟು ನೆಲದ ಮೇಲೇ ಕುಳಿತುಬಿಟ್ಟ, ನಗುವಿಗೆ. ಎಡೆ ಎಂಜಲಾಯಿತಲ್ಲ ಎಂದು ನಾನು ಹೆದರಿದೆ. ಅತ್ತೆ ಕೈ ಮುಗಿದು, "ಭೂಮ್ತಾಯಿ ಈ ವರ್ಷ ಇದರ ಬಾಯಿಲೇ ಉಂಡ್ಲು ಅನ್ಕೋರಿ," ಅಂದರು. ಇವರು ಸ್ವಲ್ಪ ಹೊತ್ತು ಮುಖ ಹುಳ್ಳಗೆ ಮಾಡಿಕೊಂಡಿದ್ದು, ಆಮೇಲೆ ತಾವೂ ನಕ್ಕರು. ಬಗ್ಗಿ ಅದರ ತಲೆ ತಿಕ್ಕಿದರು, ಮೊದಲ ಸಲ. "ಹಿಂದ ಬಂದದ್ದು ಬಂದದ್ದಽ. ಇರ್ಲಿ ಬಿಡು, ಮನ್ಯಾಗ ಇರ್ಲಿ."

ನನಗೆ ಸ್ವರ್ಗ ಮೂರೇ ಗೇಣು. ಎರಡು ರೊಟ್ಟಿ ಹೆಚ್ಚು ಉಂಡೆ.

ಉಂಡು ಎದ್ದು ನೋಡಿದರೆ ನಾಯಿ ಇಲ್ಲ. ಇವರನ್ನು ಕರೆದುಕೊಂಡು ಬಂಡೆಯ ಸಂದಿನಲ್ಲಿ ನುಸುಳಿದೆ. ಆ ಬಚ್ಚಿಟ್ಟ ದಂಡೆಯ ಅಂಚಿನಲ್ಲಿ ಅದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತ್ತು. ಮೈ ನಡುಗುತ್ತಿತ್ತು, ಬಾಯಿಂದ ಚಕಾರವಿಲ್ಲ. ಅದು ನೋಡುತ್ತಿದ್ದ ಕಡೆ ನಾವೂ ನೋಡಿದೆವು.

ಉಸುಕಿನ ಮೇಲೆ ನೀರುನಾಯಿಗಳ ಒಂದು ಸಂಸಾರ. ದೊಡ್ಡವು, ಮರಿಗಳು. ಒದ್ದೆ ಮೈಯನ್ನು ಉಸುಕಿಗೆ ಉಜ್ಜುತ್ತ, ಒಂದರ ಮೇಲೊಂದು ಬಿದ್ದು ಹೊರಳುತ್ತಿದ್ದವು. ಒಂದು ಮರಿ ಮೀನು ಕಚ್ಚಿಕೊಂಡು ಓಡಿತು, ಇನ್ನೊಂದು ಅದರ ಬಾಲ ಹಿಡಿದು ಜಗ್ಗಿತು. ತಾಯಿಯೋ ಏನೋ, ಒಂದು ದೊಡ್ಡದು ಹಿಂಗಾಲ ಮೇಲೆ ಎದ್ದು ನಿಂತು ನಮ್ಮ ನಾಯಿಯನ್ನು ನೆಟ್ಟ ನೋಟದಿಂದ ನೋಡಿತು. ನಾಯಿಯೂ ನೋಡಿತು. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಜೊತೆ ಗಂಟಲು ಹರಿದುಕೊಳ್ಳುವ ನನ್ನ ಗಂಡ ಉಸಿರು ಹಿಡಿದು, ನನ್ನ ಮುಂಗೈ ಹಿಡಿದು ನಿಂತಿದ್ದರು. ಶಿವನೇ, ಇಷ್ಟೆಲ್ಲ ಇಲ್ಲಿತ್ತೇ? ನಾವು ನಟ್ಟು ಬೋಲ್ಟು ಎಣಿಸುವಾಗ ಇವು ಇಲ್ಲಿ ದಿನಾ ಹೀಗೆ ಆಡುತ್ತಿದ್ದವೇ? ನನ್ನ ಕಣ್ಣಲ್ಲಿ ನೀರು ಬಂತು.

ಅವು ಒಂದೊಂದಾಗಿ ನೀರಿಗೆ ಜಾರಿದವು. ಕೊನೆಯ ತಲೆ ಮುಳುಗಿದ್ದೇ ತಡ, ನಮ್ಮ ನಾಯಿ ಎದ್ದು ಓಡಿತು. ಬಂಡೆ ಹಾರಿ, ಜೊಂಡು ಸೀಳಿ, ದೊಡ್ಡ ದಂಡೆಗೆ ಇಳಿಯಿತು. ಹಿಂದೆಂದೂ ಅಷ್ಟು ಓಡಿದ್ದನ್ನು ಕಂಡಿರಲಿಲ್ಲ. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತಿದ್ದವು. ಬೆನ್ನು ಬಿಲ್ಲಾಗಿ ಬಾಗಿ, ಮತ್ತೆ ನೆಟ್ಟಗಾಗಿ... "ಎಲಾ ಇದರ!" ಅಂದರು ಇವರು, ಮೆಲ್ಲಗೆ, ಗುಡಿಯೊಳಗೆ ಅಂದ ಹಾಗೆ.

ಅಷ್ಟರಲ್ಲಿ ಗಡ್ಡಿ ಮುಗಿಯಿತು. ನೀರಿನ ಅಂಚಿಗೆ ಹೋಗಿ ನಾಯಿ ಗಕ್ಕನೆ ನಿಂತಿತು, ತಿರುಗಿ ಓಡಿತು. ಆ ತುದಿಯೂ ಮುಗಿಯಿತು. ಮತ್ತೆ ತಿರುಗಿತು. ಅದರ ಓಟ ಇನ್ನೂ ಬಾಕಿಯಿತ್ತು, ನೆಲ ಬಾಕಿಯಿರಲಿಲ್ಲ. ನೀರಿಗೆ ಮುಂಗಾಲಿಟ್ಟು ಆಚೆ ದಡದ ಬಯಲನ್ನು ನೋಡುತ್ತ ನಿಂತುಕೊಂಡಿತು. ಇಡೀ ಗಡ್ಡಿಯೇ ಸಾಲದ ಈ ಕಾಲುಗಳನ್ನು ನಾನು ಭಾಗ್ಯನಗರದ ಓಣಿಯಲ್ಲಿ, ಮೂರು ಮೊಳದ ಹಗ್ಗಕ್ಕೆ ಕಟ್ಟಲು ಹೊರಟಿದ್ದೆ.

"ರೀ," ಅಂದೆ, "ಕುರಿಗಾರ ಬಂದ್ರ ಕೊಟ್ಟುಬಿಡೋಣ."

ಇವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. "ಏನ್ ಹಚ್ಚೀದಿ ನೀ? ಈಗರ ಇರ್ಲಿ ಅಂದೀನಿ."

"ಇರ್ಲಿ ಅಂದೀರಿ, ಖರೆ. ಎಲ್ಲಿ ಇರ್ಬೇಕ್ರಿ ಅದು?"

ಅವರು ಮತ್ತೆ ದಂಡೆಯ ಕಡೆ ನೋಡಿದರು.

ಕುರಿಗಾರ ಬಂದ. ಹೋಗುವ ದಿನ ಬೆಲ್ಟ್ ನಾನೇ ಬಿಚ್ಚಿದೆ. ನಾಯಿ ತನ್ನ ತಾಯಿಯ ಜೊತೆ ಕುರಿಗಳ ಪಕ್ಕಕ್ಕೆ ಓಡಿತು, ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ವಾರ ನಾನು ಮನೆಯಲ್ಲಿ ಎಲ್ಲರ ಮೇಲೂ ಸಿಡಿಸಿಡಿ ಅಂದೆ. ಅತ್ತೆ ಪಡಸಾಲೆಯಲ್ಲಿ ಅದು ಮಲಗುತ್ತಿದ್ದ ಮೂಲೆಯನ್ನು ಗುಡಿಸದೆ ಹಾಗೇ ಬಿಟ್ಟಿದ್ದರು.

ಮೊನ್ನೆ ಅಂಗಡಿಯ ಸಾಮಾನು ಕೊಟ್ಟು ಕುಷ್ಟಗಿಯಿಂದ ಟೆಂಪೋದಲ್ಲಿ ಬರುತ್ತಿದ್ದೆವು. ರಸ್ತೆಯ ತುಂಬಾ ಕುರಿ ಅಡ್ಡ ಬಂದವು. ದೂರದ ಬಯಲಿನಲ್ಲಿ, ಜೋಳ ಕೊಯ್ದ ಕೂಳೆಯ ಮೇಲೆ, ಒಂದು ನಾಯಿ ಹಿಂಡು ಬಿಟ್ಟ ಕುರಿಯೊಂದನ್ನು ಸುತ್ತುಹಾಕಿ ತರುತ್ತಿತ್ತು. ಓಟ ನೋಡಿಯೇ ಗುರುತು ಹಿಡಿದೆ. ಇಳಿದು ರಸ್ತೆಯ ಅಂಚಿನಲ್ಲಿ ನಿಂತು, ಗಡ್ಡಿಯಲ್ಲಿ ಗಂಟಲು ಹರಿದುಕೊಂಡು ಕರೆಯುತ್ತಿದ್ದ ಹಾಗೇ ಕರೆದೆ: "ಬಾ... ಬಾ..."

ಒಂದು ಕಿವಿ ಎತ್ತಿತು. ಬಂತು! ಇಡೀ ಬಯಲು ದಾಟಿ ನೇರ ನನ್ನ ಕಡೆಗೇ ಬಂದು, ಮುಂಗಾಲುಗಳನ್ನು ನನ್ನ ಎದೆಯ ಮೇಲಿಟ್ಟು, ಮುಖವನ್ನೆಲ್ಲ ನೆಕ್ಕಿತು. ಟೆಂಪೋದಿಂದ ಇವರು, "ಬಂತಲ್ಲೇ! ಕರದ್ರ ಬಂತಲ್ಲೇ!" ಎಂದು ಕೂಗುತ್ತಿದ್ದರು.

ಅದರ ಕೊರಳಿನಲ್ಲಿ ಈಗ ಬೆಲ್ಟ್ ಇರಲಿಲ್ಲ. ಆದರೂ ಹಿಡಿದುಕೊಳ್ಳಬಹುದಿತ್ತು, ಕೈ ಅದರ ಕೊರಳ ಮೇಲೇ ಇತ್ತು. ಬಯಲಿನಲ್ಲಿ ಆ ಕುರಿ ಮತ್ತೆ ಹಿಂಡು ಬಿಟ್ಟು ಹೊರಟಿತ್ತು.

"ಹೋಗವ್ವಾ," ಅಂದೆ, "ನಿನ್ನ ಕುರಿ ಹೊಂಟೈತಿ."

ಅದು ಹೋಯಿತು.