ಏಳು ಮೈಲಿ, ಎಂಟು ಗಂಟೆ

ಪೋರ್ತ್ ಅರ್ಯಾನ್ ಎಂಬ ಕಡಲ ಊರಿನಲ್ಲಿ ಮೂವರು ಇದ್ವಲ್‌ಗಳಿದ್ದರು. ಹಾಲಿನ ಇದ್ವಲ್, ಕಟ್ಟಿಸಿದ ಹಲ್ಲಿನ ಇದ್ವಲ್ ಮತ್ತು ಸೈಕಲ್ ಇದ್ವಲ್. ಮೊದಲಿಬ್ಬರ ಹೆಸರಿಗೆ ಆಧಾರವಿತ್ತು. ಮೂರನೆಯವನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಇದು ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿ ದಿಲ್ವೆನ್‌ಗೆ ಮಾತ್ರ.

ಇಪ್ಪತ್ತೆರಡು ವರ್ಷದ ಹಿಂದೆ ಊರಿನ ಹಾಡು-ಕವಿತೆಯ ಸ್ಪರ್ಧೆಯಲ್ಲಿ ಈ ಮೂರನೆಯ ಇದ್ವಲ್ ಒಂದು ಉದ್ದನೆಯ ಪದ್ಯವನ್ನು ಬಾಯಿಪಾಠ ಒಪ್ಪಿಸಿ ಮೊದಲನೆಯವನಾದ. ಬಹುಮಾನಕ್ಕೆ ಗಡಿಯಾರವೋ ಕುರ್ಚಿಯೋ ಸಿಗುವುದು ವಾಡಿಕೆ. ಆ ವರ್ಷ ಯಾರೋ ಪುಣ್ಯಾತ್ಮರು ಹಸಿರು ಸೈಕಲ್ ಕೊಟ್ಟಿದ್ದರು. ವೇದಿಕೆಯ ಮೇಲೆ ಅಧ್ಯಕ್ಷರು, ತುಳಿಯೋದಕ್ಕೆ ಬರುತ್ತೆ ತಾನೇ ಎಂದು ಕೇಳಿದರು. ಮುನ್ನೂರು ಜನ ಚಪ್ಪಾಳೆ ತಟ್ಟುತ್ತಿದ್ದರು. ಇದ್ವಲ್ ಹೂಂ ಎಂದುಬಿಟ್ಟ. ಅವನು ಸಾಧಾರಣ ಮನುಷ್ಯನಾಗಿದ್ದರೆ ಮರುದಿನ ನಕ್ಕು ನಿಜ ಹೇಳಬಹುದಿತ್ತು. ಆದರೆ ಶಾಲೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಈ ಮನುಷ್ಯ ಚಾಪೆಲ್ಲಿನ, ಅಂದರೆ ಊರ ಪುಟ್ಟ ಚರ್ಚಿನ, ಹಿರಿಯರಲ್ಲಿ ಒಬ್ಬ. ಪ್ರತಿ ಭಾನುವಾರ ಪಾದ್ರಿಯ ಕೆಳಗಿನ ದೊಡ್ಡ ಆಸನದಲ್ಲಿ, ಊರಿಗೆಲ್ಲ ಮುಖ ಕಾಣುವಂತೆ ಕೂರುವವನು. ಅಲ್ಲಿ ಕೂತವನು ಸುಳ್ಳು ಹೇಳಿದ್ದಾನೆಂದು ಗೊತ್ತಾದರೆ ಎಬ್ಬಿಸಿ ಕಳಿಸುತ್ತಾರೆ ಎಂಬ ಹೆದರಿಕೆ ಅವನಿಗೆ. ಸೈಕಲ್ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಹಾಗಾಗಿ ಪ್ರತಿ ಸೋಮವಾರ ಅದನ್ನು ತಳ್ಳಿಕೊಂಡು ಹೊರಟ. ಆ ಕಡೆಯ ರಸ್ತೆಗಳೆಲ್ಲ ಒಂದೋ ಏರು, ಇಲ್ಲವೇ ಇಳಿಜಾರು. ಏರಿನಲ್ಲಿ ಕಂಡವರು ಪಾಪ ಸುಸ್ತಾಗಿದೆ ಎಂದುಕೊಂಡರು, ಇಳಿಜಾರಿನಲ್ಲಿ ಕಂಡವರು ಬ್ರೇಕಿನ ಮೇಲೆ ನಂಬಿಕೆಯಿಲ್ಲ ಎಂದುಕೊಂಡರು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಇದ್ವಲ್‌ನ ಪಾಲಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು, ದೇವರು ದೊಡ್ಡವನು. ಮಾತಾಡಿಸಿದವರ ಗೇಟಿನಲ್ಲೆಲ್ಲ ನಿಂತು, ಚಹಾ ಕುಡಿದು, ಕುರಿಗಳ ಯೋಗಕ್ಷೇಮ ವಿಚಾರಿಸಿ, ಸಂಜೆಗೆ ಮುಂದಿನ ಊರು ಸೇರುತ್ತಿದ್ದ. ಹೀಗೆ ಕಡಲಂಚು, ಗುಡ್ಡ ಎಲ್ಲ ಬಲ್ಲವನೆಂದು ಹೆಸರಾಗಿ, ಕೊನೆಗೆ ಜಿಲ್ಲಾ ಕಚೇರಿಯವರು ಸೈಕಲ್ ಪ್ರವಾಸಿಗರಿಗೆ ದಾರಿಪುಸ್ತಕವೊಂದನ್ನು ಅವನ ಕೈಲೇ ಬರೆಸಿದರು. ಅವನು ತನ್ನ ಮಟ್ಟಿಗೆ ಪ್ರಾಮಾಣಿಕವಾಗಿ ಬರೆದ. ನಲವತ್ತೆರಡು ಮೈಲಿ, ಆರು ದಿನ. ಮೊದಲ ದಿನ, ಪೋರ್ತ್ ಅರ್ಯಾನ್‌ನಿಂದ ಗುಡ್ಡದಾಚೆಯ ಲಾನ್‌ವೆಲಿನ್‌ಗೆ: ಏಳು ಮೈಲಿ, ಎಂಟು ಗಂಟೆ.

ಪುಸ್ತಕ ನಂಬಿ ಹಾಲೆಂಡಿನಿಂದ, ಬರ್ಮಿಂಗ್‌ಹ್ಯಾಮಿನಿಂದ ಜನ ಬಂದರು. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಹತ್ತು ಹೊಡೆಯುವ ಮೊದಲೇ ಲಾನ್‌ವೆಲಿನ್ ಮುಟ್ಟಿ ಕಕ್ಕಾಬಿಕ್ಕಿಯಾದರು. ಏನನ್ನೋ ನೋಡದೆ ಬಂದೆವೆಂದು ಕೆಲವರು ವಾಪಸು ಹೋಗಿ ಉಳಿದ ಏಳು ಗಂಟೆಯನ್ನು ಹುಡುಕಿದರು. ಆದರೂ ಪುಸ್ತಕ ಮಲಗು ಎಂದ ಕಡೆ ಮಲಗಿದರು. ಬೆಳಿಗ್ಗೆ ಹತ್ತರಿಂದ ರಾತ್ರಿಯವರೆಗೆ ಮಾಡಲು ಕೆಲಸವಿಲ್ಲದ ಮನುಷ್ಯ ಏನು ಮಾಡುತ್ತಾನೆ? ತಿನ್ನುತ್ತಾನೆ. ಲಾನ್‌ವೆಲಿನ್‌ನಲ್ಲಿ ಕೋಣೆ ಬಾಡಿಗೆಗೆ ಕೊಡುತ್ತಿದ್ದ ಕೈನ್ವೆನ್ ಮುದುಕಿ ದಿನಕ್ಕೆ ಒಂಬತ್ತು ದ್ರಾಕ್ಷಿ ಬ್ರೆಡ್ ಸುಡತೊಡಗಿದಳು. ಆರು ಊರುಗಳ ಮನೆಗಳಿಗೆ ಹೊಸ ಪರದೆಗಳು ಬಂದವು.

ಮೂರನೆಯ ಮುದ್ರಣಕ್ಕೆ ಮುಂಚೆ ಅಳತೆ ಸರಿನೋಡಲು ಕಚೇರಿಯಿಂದ ಹೆಲೆದ್ ಎಂಬ ಹೆಣ್ಣುಮಗಳು ತನ್ನ ಸೈಕಲ್ಲಿನಲ್ಲೇ ಬಂದಳು. ಜೊತೆಗೆ ತುಳಿಯೋಣ ಎಂದಳು. ನೀವು ಮುಂದೆ ನಡೀರಿ, ನಾನು ಹಿಂದಿನಿಂದ ಬಂದೆ ಎಂದ ಇದ್ವಲ್. ಅವಳು ಐವತ್ತು ನಿಮಿಷದಲ್ಲಿ ಲಾನ್‌ವೆಲಿನ್ ಮುಟ್ಟಿ, ಕಾದು, ಮುದುಕ ಎಲ್ಲಿ ಬಿದ್ದನೋ ಎಂದು ಗಾಬರಿಯಿಂದ ಮರಳಿ ಬಂದಾಗ, ಇದ್ವಲ್ ಎರಡನೆಯ ಗೇಟಿನಲ್ಲಿ ಚಹಾ ಕುಡಿಯುತ್ತಿದ್ದ.

ಅವಳು ಬೈಯಲಿಲ್ಲ. ಬೈದಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದನೇನೋ. ಬೆವರು ಒರೆಸಿಕೊಳ್ಳುತ್ತ, "ಹುಷಾರಾಗಿದ್ದೀರಾ ಇದ್ವಲ್ ಅವರೇ?" ಎಂದಳು. ಇದ್ವಲ್‌ನ ಕಣ್ಣು ತುಂಬಿತು.

"ನಂಗೆ ಸೈಕಲ್ ಬರಲ್ಲಮ್ಮಾ. ಯಾವತ್ತೂ ಬಂದಿಲ್ಲ."

ಹೆಲೆದ್ ಕಟ್ಟುನಿಟ್ಟಿನ ಹುಡುಗಿ, ಆದರೆ ನ್ಯಾಯವಂತೆ. ಬರೆದವರಿಗೆ ಒಂದು ಮರು ಅಳತೆಯ ಅವಕಾಶವಿದೆ, ಶನಿವಾರ ಬರುತ್ತೇನೆ ಎಂದಳು. ನಿಯಮ ಒಂದೇ, ಸವಾರ ಹೊರಟಲ್ಲಿಂದ ಮುಟ್ಟುವವರೆಗೆ ಸೀಟಿನಿಂದ ಇಳಿಯಬಾರದು. ಹೊತ್ತು ಪುಸ್ತಕದ ಎಂಟು ಗಂಟೆಗೆ ತಾಳೆಯಾಗದಿದ್ದರೆ ಆರು ದಿನದ ದಾರಿಯನ್ನು ಒಂದು ದಿನವೆಂದು ಅಚ್ಚು ಹಾಕಿಸುವುದಾಗಿ ತಿಳಿಸಿ ಹೋದಳು.

ಸುದ್ದಿ ಸಂಜೆಯೊಳಗೆ ಆರೂ ಊರು ಸುತ್ತಿತು. ಇದ್ವಲ್ ಕರಿ ಕೋಟು ತೊಟ್ಟು, ಚಾಪೆಲ್ಲಿಗೆ ಹೋಗಿ ದೊಡ್ಡ ಆಸನ ಬಿಟ್ಟುಕೊಡಲು ತಯಾರಾಗಿ ಕೂತ. ಬಂದವಳು ಕೈನ್ವೆನ್, ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ಇಪ್ಪತ್ತೆರಡು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲೋ, ಇನ್ನೊಂದು ದಿನ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ?"

ಇದ್ವಲ್‌ಗೆ ದಿಕ್ಕು ತಪ್ಪಿದಂತಾಯಿತು. ಸುಳ್ಳಿಗೆ ಬೈಸಿಕೊಳ್ಳಲು ಅವನು ವರ್ಷಗಟ್ಟಲೆ ಮನಸ್ಸು ಗಟ್ಟಿಮಾಡಿಕೊಂಡಿದ್ದ. ನಿಜ ಹೇಳಿದ್ದಕ್ಕೆ ಬೈಸಿಕೊಳ್ಳುವ ಅಭ್ಯಾಸ ಇರಲಿಲ್ಲ.

ಗುರುವಾರ ಚಾಪೆಲ್ಲಿನ ಹಿರಿಯರು ಸಭೆ ಸೇರಿದರು. ಮುಖ್ಯಸ್ಥ ಟುಡುರ್, ಕುರಿ ಸಾಕುವವನು, ಮಾತಿಗೆ ಮುಂಚೆ ಬಹಳ ಹೊತ್ತು ಮೂಗು ಒರೆಸಿಕೊಳ್ಳುವವನು. ಹೊಸ ಪರದೆಗಳ ವಿಷಯ ಬಂತು, ದೇವರ ವಿಷಯವೂ ಬಂತು. ಸುಳ್ಳು ಹೇಳುವುದು ಪಾಪ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಪುಸ್ತಕ ತಿದ್ದಿದರೆ ಆರು ಊರು ಹಾಳಾಗುತ್ತವೆ ಎಂಬುದರಲ್ಲೂ ಇರಲಿಲ್ಲ. ಕೊನೆಗೆ ಟುಡುರ್ ತೀರ್ಪು ಕೊಟ್ಟ.

"ಪುಸ್ತಕ ತಿದ್ದೋದು ಬೇಡ, ಸುಳ್ಳೂ ಬೇಡ. ಬರೆದಿದ್ದನ್ನ ನಿಜ ಮಾಡ್ಬಿಡೋಣ."

ಶನಿವಾರ ಒಂಬತ್ತಕ್ಕೆ ಇದ್ವಲ್‌ನನ್ನು ಹಸಿರು ಸೈಕಲ್ಲಿನ ಮೇಲೆ ಎತ್ತಿ ಕೂರಿಸಿದರು. ಅರವತ್ತೆಂಟರ ವಯಸ್ಸಿನಲ್ಲಿ ಆ ಸೀಟಿನ ಮೇಲೆ ಕೂತದ್ದು ಅದೇ ಮೊದಲು. ಹಿಡಿಯ ಒಂದು ಕಡೆ ಟುಡುರ್, ಇನ್ನೊಂದು ಕಡೆ ಹಾಲಿನ ಇದ್ವಲ್, ಸೀಟಿನ ಹಿಂದೆ ಕಟ್ಟಿಸಿದ ಹಲ್ಲಿನ ಇದ್ವಲ್, ಸೊಂಟಕ್ಕೆ ಕೈ ಕೊಟ್ಟು ದಿಲ್ವೆನ್. ಹೆಲೆದ್ ಗಡಿಯಾರ ಹಿಡಿದು ಹಿಂದೆ ನಡೆದಳು. ಹಿಡಿಯಬಾರದು ಎಂಬ ನಿಯಮವನ್ನು ಯಾರೂ ಬರೆದಿರಲಿಲ್ಲ, ಅಂಥದ್ದೊಂದು ಬೇಕಾದೀತೆಂದು ಕಚೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕಡಲ ಗಾಳಿಗೆ ಸೈಕಲ್ ವಾಲಿದಾಗ ನಾಲ್ವರೂ ವಾಲಿದರು. ಗೇಟು ಗೇಟಿನಲ್ಲೂ ನಿಂತು, ಕೂತಲ್ಲಿಗೇ ಚಹಾ ಕುಡಿಸಿ, ಕುರಿಗಳ ಯೋಗಕ್ಷೇಮ ವಿಚಾರಿಸಲು ಬಿಟ್ಟರು. ಏರಿನಲ್ಲಿ ಇನ್ನೂ ಆರು ಜನ ಹಗ್ಗ ಹಿಡಿದರು. ಮಧ್ಯಾಹ್ನ ದಿಲ್ವೆನ್ ಚೀಸು ಬ್ರೆಡ್ ಬಾಯಿಗಿಟ್ಟಳು. ದೇಹದ ಉಳಿದ ಅಗತ್ಯಗಳನ್ನು ಹೇಗೆ ನಿಭಾಯಿಸಿದರು ಎಂಬುದನ್ನು ಕೇಳಬೇಡಿ. ಹೆಲೆದ್ ಆಗ ಕಡಲು ನೋಡುತ್ತಿದ್ದಳು. ಇಳಿಜಾರಿನಲ್ಲಿ ಸೈಕಲ್ ಎಳೆದುಕೊಂಡು ಓಡಲು ನೋಡಿತು. ಇದ್ವಲ್ ಕಣ್ಣು ಮುಚ್ಚಿಕೊಂಡ. ಟುಡುರ್‌ನ ಬೂಟು ಕಲ್ಲಿನ ಮೇಲೆ ಜಾರುವ ಸದ್ದು, ಹಲ್ಲಿನ ಇದ್ವಲ್‌ನ ಏದುಸಿರು ಕೇಳಿಸಿತು. ಯಾವ ಕೈಯೂ ಸಡಿಲವಾಗಲಿಲ್ಲ. ಈ ಜನಕ್ಕೆ ತಾನು ಇಷ್ಟು ವರ್ಷ ಹೆದರಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು.

ಲಾನ್‌ವೆಲಿನ್‌ನ ಮೊದಲ ಮನೆ ಕಂಡಾಗ ಹೆಲೆದ್‌ಳ ಗಡಿಯಾರದಲ್ಲಿ ನಾಲ್ಕು ನಲವತ್ತು. ಕೈನ್ವೆನ್ ಬಾಗಿಲಲ್ಲೇ ನಿಂತಿದ್ದಳು. ಇದ್ವಲ್‌ಗೆ ಸೊಂಟ ಸೆಟೆದುಹೋಗಿತ್ತು. ಟುಡುರ್ ಸುಸ್ತಾಗಿ ಹಿಡಿಯ ಮೇಲೆ ವಾಲಿದ್ದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಬಂದಾಯ್ತಲ್ಲ ಮಾರಾಯ್ರೇ, ಇನ್ನು ಬಿಡಿ. ನೀವೂ ಕೂತ್ಕೊಳ್ಳಿ."

ಟುಡುರ್ ಭುಜಕ್ಕೆ ಮೂಗು ಒರೆಸಿಕೊಂಡ, ಕೈ ಬಿಡಲಿಲ್ಲ.

"ಸುಮ್ನೆ ಕೂತಿರೋ. ಇನ್ನೂ ಇಪ್ಪತ್ತು ನಿಮಿಷ ಇದೆ."